ನನ್ನ ಕಿಟಕಿ ಮತ್ತು ಹಾಲ್ಕುರಿಕೆಯ ಕೊಬ್ಬರಿ

ನನಗೊಂದು ಕೆಟ್ಟ ಚಾಳಿ ಇತ್ತು. ಬೀಡಿ, ಇಸ್ಪೀಟಿನಂಥ ಮರ್ಯಾದಸ್ಥ ಚಾಳಿಯಾಗಿದ್ದರೆ ಹೇಳಿಕೊಳ್ಳಲು ಇಷ್ಟು ಸಂಕೋಚವಾಗುತ್ತಿರಲಿಲ್ಲ. ನಾನು ಕಬ್ಬಿಣವನ್ನು ಕಿಟಕಿಯಿಂದಾಚೆ ಎಸೆಯುತ್ತಿದ್ದೆ. ಅದೂ ಸಂಬಳ ತೆಗೆದುಕೊಂಡು!

ಎಂಬತ್ತರ ಸುಮಾರಿನ ಮಾತು. ತಿಪಟೂರಿನ ಒಂದು ಖಾಸಗಿ ಐಟಿಐನಲ್ಲಿ ನಾನು ಫಿಟ್ಟರ್ ಮೇಷ್ಟ್ರು. ಫಿಟ್ಟರ್ ಕಲಿಯಲು ಬಂದವನಿಗೆ ಮೊದಲ ತಿಂಗಳುಗಳಲ್ಲಿ ಒಂದೇ ಕೆಲಸ, ಒರಟು ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಉಜ್ಜಿ ಚೌಕ ಮಾಡುವುದು. ಅಂಗೈಯಲ್ಲಿ ಬೊಬ್ಬೆ ಏಳುತ್ತದೆ, ತೋಳು ಬಿದ್ದುಹೋಗುತ್ತದೆ, ಕಬ್ಬಿಣ ಮಾತ್ರ ಚೌಕವಾಗುವುದಿಲ್ಲ. ಹುಡುಗ ತಂದುಕೊಟ್ಟ ತುಂಡಿಗೆ ಮೂಲೆಮಟ್ಟ ಹಿಡಿದು, ಬೆಳಕಿಗೆ ಎತ್ತಿ ನೋಡುತ್ತಿದ್ದೆ. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಸಾಕು, ತುಂಡು ಕಿಟಕಿಯಾಚೆ! ಹೊಂಗೆಮರದ ಬುಡದಲ್ಲಿ ಬಿದ್ದದ್ದನ್ನು ಅವನೇ ಹೋಗಿ ತಂದು ಮತ್ತೆ ಮೊದಲಿಂದ ಶುರುಮಾಡಬೇಕು. ನನ್ನ ಮೇಷ್ಟ್ರು ನನಗೆ ಹಾಗೇ ಮಾಡಿದ್ದರು. ಅದನ್ನು ನಾನು ಶಿಸ್ತು ಅಂತ ಕರೆಯುತ್ತಿದ್ದೆ. ಆ ಮರದ ಕೆಳಗೆ ಮಲಗುತ್ತಿದ್ದ ಹಸು ಏನಂತ ಕರೆಯುತ್ತಿತ್ತೋ, ಒಂದು ದಿನ ಅದೂ ಜಾಗ ಬದಲಾಯಿಸಿತು.

ಹಸುವಿನ ಹಿಂದೆ ಹುಡುಗರೂ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡತೊಡಗಿದರು. ಕೊನೆಗೆ ಹಾಲ್ಕುರಿಕೆಯ ಮರುಳಪ್ಪ. ಅವನ ತುಂಡು ಮೂರನೇ ಸಲ ಆಚೆ ಹೋಯಿತು, ತರಲು ಅವನೂ ಆಚೆ ಹೋದ. ಸಂಜೆ ನೋಡಿದರೆ ತುಂಡು ಅಲ್ಲೇ ಇತ್ತು, ಮರುಳಪ್ಪ ಇರಲಿಲ್ಲ.

ಪ್ರಿನ್ಸಿಪಾಲರು ನಮ್ಮನ್ನೆಲ್ಲ ಕೂರಿಸಿಕೊಂಡು, “ಕಾಗದ ಬರೆದು ಬರೆದು ಸಾಕಾಯ್ತು ಕಣ್ರೀ. ಬಿಟ್ಟೋದ ಹುಡುಗ್ರನ್ನ ನೀವೇ ಹೋಗಿ ಕರ್ಕೊಂಡು ಬನ್ನಿ” ಅಂದರು. ನಮ್ಮ ಗುಮಾಸ್ತರು ಒಬ್ಬನಿಗೆ ಮಠದ ಹಾಸ್ಟೆಲಿನಲ್ಲಿ ಜಾಗ ಕೊಡಿಸಿ ಆ ವಾರವೇ ವಾಪಸ್ಸು ತಂದರು. ಬಸ್ಸು ಸಿಗದೆ ಬಿಟ್ಟಿದ್ದ ಇಬ್ಬರಿಗಾಗಿ ಡ್ರಾಯಿಂಗ್ ಮೇಷ್ಟ್ರು ತಮ್ಮ ಕ್ಲಾಸನ್ನೇ ಅರ್ಧ ಗಂಟೆ ತಡವಾಗಿ ಶುರುಮಾಡಿದರು. ಉಳಿದವನು ನಾನು. “ಆ ಮರುಳಪ್ಪನೂ ಬರ್ಲಿಲ್ಲ ಅಂದ್ರೆ ನಿಮ್ಮ ಫಿಟ್ಟರ್ ವಿಭಾಗಕ್ಕೆ ಬೀಗ. ಆಮೇಲೆ ನಿಮ್ಮನ್ನ ಕರ್ಕೊಂಡು ಬರೋಕೆ ಯಾರೂ ಬರಲ್ಲ” ಅಂದರು ಪ್ರಿನ್ಸಿಪಾಲರು.

ಭಾನುವಾರ ಹಾಲ್ಕುರಿಕೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಶಿಸ್ತಿನ ಬಗ್ಗೆ ಒಂದು ಭಾಷಣ ತಯಾರು ಮಾಡಿಕೊಂಡೆ. ಎಷ್ಟು ಚೆನ್ನಾಗಿತ್ತು ಅಂದರೆ, ಒಂದು ಕಡೆ ನಾನೇ ತಲೆದೂಗಿಬಿಟ್ಟೆ.

ಮರುಳಪ್ಪನ ತಾಯಿ ಗೌರಮ್ಮ ಅಂಗಳದಲ್ಲಿ ಕೂತು, ವರ್ಷವಿಡೀ ಅಟ್ಟದ ಮೇಲೆ ಒಣಗಿದ್ದ ಕಾಯಿಗಳ ಚಿಪ್ಪು ಬಿಡಿಸುತ್ತಿದ್ದರು. ಮಚ್ಚಿನಿಂದ ನಾಲ್ಕೇಟು, ಚಿಪ್ಪು ಉದುರಿ ಒಳಗಿನ ಕೊಬ್ಬರಿ ಉಂಡೆಯಾಗಿ ಕೈಗೆ ಬರುತ್ತಿತ್ತು. ಪಕ್ಕದಲ್ಲಿ ಮರುಳಪ್ಪನೂ ಅದೇ ಕೆಲಸದಲ್ಲಿದ್ದ. ನನ್ನನ್ನು ಕಂಡು ಎದ್ದು ನಿಂತು ನೆಲ ನೋಡತೊಡಗಿದ.

“ಕಬ್ಣ ಉಜ್ಜಾಕೆ ನಂಗೆ ಬರಾಕಿಲ್ಲ ಕಣವ್ವ ಅಂತಾನೆ ಮೇಷ್ಟ್ರೇ. ರಾತ್ರಿಯೆಲ್ಲ ಅಂಗೈ ನೋಡ್ಕಂಡು ಕೂರ್ತಾನೆ” ಅಂದರು ಗೌರಮ್ಮ.

ಭಾಷಣ ಬಿಚ್ಚಬೇಕಾದ ಹೊತ್ತು ಅದೇ. ಆದರೆ ಬಾಯಿಗೆ ಬಂದದ್ದು ಬೇರೆ. “ಕಷ್ಟ ಯಾವ್ದರಲ್ಲಿ ಇಲ್ಲಮ್ಮಾ? ಕೈ ಹತೋಟಿಗೆ ಬಂದ್ರೆ ಆಯ್ತು. ಕೊಡಿ ಇಲ್ಲಿ” ಅಂತ ಮಚ್ಚು ಕೈಗೆ ತೆಗೆದುಕೊಂಡೆ. ಕೂದಲೆಳೆಯ ಲೆಕ್ಕದಲ್ಲಿ ಕಬ್ಬಿಣ ಅಳೆಯುವವನಿಗೆ ಒಂದು ಕಾಯಿ ಯಾವ ಮಹಾ! ಮೊದಲ ಕಾಯಿಯ ಉಂಡೆ ಎರಡು ಹೋಳಾಯಿತು. ಎರಡನೆಯದು ಐದು. ಮೂರನೆಯದನ್ನು ಎಣಿಸುವ ಧೈರ್ಯ ನನಗಾಗಲಿಲ್ಲ. ಒಡೆದ ಕೊಬ್ಬರಿಯನ್ನು ತಿಪಟೂರಿನ ಮಂಡಿಯಲ್ಲಿ ಮೂಸಿಯೂ ನೋಡುವುದಿಲ್ಲ ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಬೆವರಿಬಿಟ್ಟೆ.

ಮರುಳಪ್ಪ ಪಕ್ಕದಲ್ಲಿ ಬಂದು ಕುಕ್ಕರುಗಾಲಲ್ಲಿ ಕೂತ. “ಬಿಗಿಯಾಗಿ ಹಿಡೀಬೇಡಿ ಸಾರ್. ಸುಮ್ನೆ ಬುಡಿ, ಮಚ್ಚು ತಾನೇ ಬೀಳ್ಲಿ” ಅಂತ ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಏಟು ಹಾಕಿಸಿದ. ನಾಲ್ಕನೆಯದು ಇಡಿಯಾಗಿ ಬಂತು. ಏಳು ವರ್ಷದ ನೌಕರಿಯಲ್ಲಿ ನಾನು ಒಬ್ಬನ ಮಣಿಕಟ್ಟನ್ನೂ ಹೀಗೆ ಹಿಡಿದಿರಲಿಲ್ಲ.

ಗೌರಮ್ಮ ನಾನು ಒಡೆದ ಹೋಳುಗಳನ್ನೆಲ್ಲ ಆಯ್ದು ತಟ್ಟೆಗೆ ಹಾಕಿ, ಜೊತೆಗೊಂದು ಅಚ್ಚು ಬೆಲ್ಲ ಇಟ್ಟು ನನ್ನ ಮುಂದೆ ತಂದರು. “ತಿನ್ನಿ ಮೇಷ್ಟ್ರೇ. ಒಡ್ದೋಯ್ತು ಅಂತ ಯಾರಾನಾ ಎಸೀತಾರಾ?”

ಆಯಮ್ಮನಿಗೆ ನನ್ನ ಕಿಟಕಿಯ ವಿಷಯ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನಾನು ಕೇಳಿಲ್ಲ. ಜೇಬಿನಿಂದ ಮರುಳಪ್ಪನ ಕಬ್ಬಿಣದ ತುಂಡು ತೆಗೆದು ಅವನ ಕೈಗಿಟ್ಟೆ. “ಹೊಂಗೆಮರದ ಕೆಳಗೆ ಸಿಕ್ತು ಕಣಪ್ಪ. ಒಂದು ಮೂಲೆ ಮಾತ್ರ ಬಾಕಿ. ನಾಳೆ ಬಾ, ಇಬ್ರೂ ಸೇರಿ ಉಜ್ಜೋಣ” ಅಂದೆ. ಭಾಷಣ ಪೂರ್ತಿ ಮರೆತೇ ಹೋಗಿತ್ತು. ಅವನು ತುಂಡನ್ನು ಅಂಗಿಯ ಚುಂಗಿನಲ್ಲಿ ಒರೆಸಿ, ತಲೆಯಾಡಿಸಿದ.

ಸೋಮವಾರ ಮರುಳಪ್ಪ ಬಂದ. ಬುಧವಾರದ ಹೊತ್ತಿಗೆ ಅವನ ಹಿಂದೆ ಬಿಟ್ಟುಹೋಗಿದ್ದ ಹುಡುಗರು ಇನ್ನೂ ನಾಲ್ವರು! “ಅದೇನ್ರೀ ಹೇಳಿ ಒಪ್ಪಿಸಿದ್ರಿ?” ಅಂತ ಪ್ರಿನ್ಸಿಪಾಲರು ಬೆನ್ನು ತಟ್ಟಿದರು. ಮನಮುಟ್ಟುವಂತೆ ಮಾತಾಡಿದೆ ಸಾರ್ ಅಂದೆ. ಅವರೆಲ್ಲ ಬಂದದ್ದು ಮೂರು ಕೊಬ್ಬರಿ ಒಡೆದ ಮೇಷ್ಟ್ರನ್ನು ಕಣ್ಣಾರೆ ನೋಡುವುದಕ್ಕೆ ಅನ್ನುವುದು ನನಗೆ ಗೊತ್ತಾದದ್ದು ಆಮೇಲೆ. ಬಂದವರು ಉಳಿದರು, ವಿಭಾಗ ಉಳಿಯಿತು, ನನ್ನ ಕೆಲಸವೂ ಉಳಿಯಿತು.

ಆದರೆ ಚಾಳಿ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ತಿಂಗಳ ಮೇಲೆ ಒಂದು ದಿನ ಯಾವನದೋ ತುಂಡಿನ ಸಂದಿಯಲ್ಲಿ ಬೆಳಕು ಕಂಡದ್ದೇ, ನನ್ನ ಕೈ ತನ್ನಷ್ಟಕ್ಕೆ ತಾನೇ ಕಿಟಕಿಯ ಕಡೆ ಎದ್ದಿತು. ಇಡೀ ವರ್ಕ್‌ಷಾಪಿನಲ್ಲಿ ಅರಗಳ ಸದ್ದು ನಿಂತಿತು. ಹಿಂದಿನಿಂದ ಮರುಳಪ್ಪ ಬಹಳ ವಿನಯವಾಗಿ ಕೇಳಿದ:

“ಸಾರ್, ಬೆಲ್ಲ ತರ್ಲಾ?”