ಊರವರ ಕೊಡ ಮೊದಲು

ಪ್ರಶ್ನೆ ಕೇಳುವುದು ನನ್ನ ಕಸುಬು. ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಎಂದು ಕಂಡವರನ್ನೆಲ್ಲ ಕೇಳಿ, ಬಂದ ಉತ್ತರವನ್ನು ಇನ್ನೊಬ್ಬರ ಬಳಿ ಸರಿನೋಡಿ, ಬಳ್ಳಾರಿಯ ಪತ್ರಿಕಾ ಕಚೇರಿಗೆ ಕಳಿಸಿದ ಮೇಲೆಯೇ ನಾನು ಊಟಕ್ಕೆ ಕೂರುವುದು. ಆದರೆ ಯಾರಾದರೂ ನನ್ನನ್ನೇ ತಿರುಗಿ ಪ್ರಶ್ನೆ ಕೇಳಿದರೆ ಕಸಿವಿಸಿಯಾಗುತ್ತದೆ. ಅದರಲ್ಲೂ ‘ನೀವು ಯಾವ ಊರವರು?’ ಎಂಬ ಪ್ರಶ್ನೆ. ಆಂಧ್ರದ ಗಡಿಯ ಈ ರಾಯದುರ್ಗಕ್ಕೆ ಬಂದು, ಇಲ್ಲೇ ಮದುವೆಯಾಗಿ, ಮನೆ ಕಟ್ಟಿ, ಮಹಡಿಯ ಮೇಲೊಂದು ಕೋಣೆ ಎಬ್ಬಿಸಿ ಬಾಡಿಗೆಗೆ ಕೊಡುವಷ್ಟು ಬೇರು ಬಿಟ್ಟಿದ್ದೇನೆ. ಆದರೂ ನಾನು ಬಾಯಿ ತೆರೆದ ಕೂಡಲೇ ಎದುರಿನವರ ತುಟಿಯಂಚಿನಲ್ಲಿ ಒಂದು ನಗು ಕಾಣಿಸುತ್ತದೆ. ನಾನು ಮಡಕಶಿರದ ಕಡೆಯವನು. ನನ್ನ ‘ಐತೆ’ ಇಲ್ಲಿನ ‘ಐತಿ’ ಆಗಲೇ ಇಲ್ಲ. ಮಾತಿನ ಕೊನೆಗೆ ‘ರಿ’ ಸೇರಿಸಿ ನೋಡಿದ್ದೂ ಉಂಟು. ಅದನ್ನು ಕೇಳಿದ ನನ್ನ ಹೆಂಡತಿ ಶಾರದೆ, ಸಾಲ ತಂದ ಅಂಗಿಯ ಹಾಗೆ ಕಾಣುತ್ತದೆ, ಬಿಟ್ಟುಬಿಡಿ ಎಂದಳು. ಬಿಟ್ಟೆ.

ಇಂಥ ನನಗೆ ಒಂದು ದಿನ ಕಚೇರಿಯಿಂದ ಫೋನು ಬಂತು. ನಿಮ್ಮೂರಿನ ಬಣ್ಣವೇ ಬದಲಾಗಿದೆಯಂತೆ, ಹೊರಗಿನವರು ಎಷ್ಟು, ಊರವರು ಎಷ್ಟು, ಒಂದು ವರದಿ ಮಾಡಿ ಎಂದರು. ಬಣ್ಣ ಬದಲಾಗಿ ಆಗಲೇ ಬಹಳ ಕಾಲವಾಗಿತ್ತು. ಜೀನ್ಸ್ ಹೊಲಿಯುವ ಯೂನಿಟ್‌ಗಳು ಓಣಿಗೊಂದರಂತೆ ಎದ್ದ ಮೇಲೆ ನಮ್ಮ ಕೂದಲ ಮೇಲೆ, ಉಪ್ಪಿನಕಾಯಿ ಜಾಡಿಯ ಮೇಲೆ, ಆಂಜನೇಯನ ಗುಡಿಯ ಗಂಟೆಯ ಮೇಲೆ ಕೂಡ ನೀಲಿ ದಾರದ ಧೂಳು ಕೂತಿರುತ್ತದೆ. ಹೆಂಗಸರು ಕೊಡ ಹೊರಲು ತಲೆಗೆ ಇಟ್ಟುಕೊಳ್ಳುವ ಸಿಂಬಿ ಮೊದಲು ಹಳೆಯ ಸೀರೆಯದಾಗಿತ್ತು, ಈಗ ಅದೂ ಜೀನ್ಸಿನದು. ಯೂನಿಟ್‌ಗಳ ಹಿಂದೆಯೇ ಜನವೂ ಬಂದರು. ಮೊದಮೊದಲು ಬೆಳುಗುಪ್ಪ, ಬೊಮ್ಮನಹಾಳಿನ ಕಡೆಯಿಂದ, ಆಮೇಲೆ ಬಿಹಾರ, ಬಂಗಾಳ, ಒಡಿಶಾದಿಂದ. ಬಸ್‌ಸ್ಟ್ಯಾಂಡಿನ ಬಳಿ ವಗ್ಗರಣಿ-ಮಿರ್ಚಿ ಮಾರುವವನು ಹೊಸ ಮುಖ ಕಂಡರೆ ಕೈ ಮೊದಲು ಹಿಂದಿಯಲ್ಲಿ ಆಡಿಸುತ್ತಾನೆ, ಬಾಯಿ ಆಮೇಲೆ ಹಿಂಬಾಲಿಸುತ್ತದೆ.

ವರದಿಗೆ ನಾನು ದೂರ ಹೋಗಬೇಕಾಗಿರಲಿಲ್ಲ. ನನ್ನ ಮಹಡಿಯ ಕೋಣೆಯಲ್ಲೇ ಒಡಿಶಾದ ಪ್ರದೀಪ, ಅವನ ಹೆಂಡತಿ ಸಬಿತಾ, ಅವರ ಕೂಸು ಇದ್ದರು. ಕೂಸಿನ ಹೆಸರು ಲಿಪ್ಸಾ. ಆ ಹೆಸರು ನಮ್ಮ ಓಣಿಯ ಬಾಯಿಗೆ ಒಗ್ಗದೆ ಎಲ್ಲರೂ ಪುಟ್ಟಿ ಎನ್ನುತ್ತಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸುವುದಿಲ್ಲವೇ ಎಂದು ಶಾರದೆ ಪ್ರದೀಪನನ್ನು ಗದರಿಸಿದ್ದಳು. ಆ ಹೊಟ್ಟೆ ಹೊತ್ತವಳನ್ನು ಅಷ್ಟು ದೂರ ರೈಲಿನಲ್ಲಿ ಹೇಗೆ ಕಳಿಸಲಿ ಎಂದು ಅವನು ತಲೆ ತಗ್ಗಿಸಿದ. ಹಾಗಾಗಿ ಸಬಿತಾ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲೇ ಹೆತ್ತಳು. ಬಾಣಂತನ ಶಾರದೆಯದು. ಕೂಸಿನ ಮೈಗೆ ಹರಳೆಣ್ಣೆಯೋ ಸಾಸಿವೆ ಎಣ್ಣೆಯೋ ಎಂದು ಇಬ್ಬರಿಗೂ ಕೆಲವು ದಿನ ಜಟಾಪಟಿ ನಡೆದು, ಕೊನೆಗೆ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಎಂದು ರಾಜಿಯಾಯಿತು. ಕೂಸು ಎರಡಕ್ಕೂ ಒಂದೇ ದನಿಯಲ್ಲಿ ಅತ್ತಿತು.

ತೊಂದರೆ ಶುರುವಾದದ್ದು ನಲ್ಲಿಯಲ್ಲಿ. ನಮ್ಮ ಓಣಿ ದಿಬ್ಬದ ಮೇಲಿದೆ. ಮನೆಯೊಳಗಿನ ನಲ್ಲಿಗಳಿಗೆ ನೀರು ಏರುವುದಿಲ್ಲ. ಮೂಲೆಯ ಬೀದಿನಲ್ಲಿಯೇ ಎಲ್ಲರಿಗೂ ಗತಿ. ಮೊದಲು ಬಂದವರ ಕೊಡ ಮೊದಲು ತುಂಬುತ್ತಿತ್ತು. ಬಾಡಿಗೆಯವರು ಹೆಚ್ಚಿ ಸಾಲು ಉದ್ದವಾದ ಮೇಲೆ ಓಣಿಯ ಹಿರಿಯರಾದ ಎರ್ರಿಸ್ವಾಮಣ್ಣ ಒಂದು ಕಾನೂನು ಹೊರಡಿಸಿದರು: ಊರವರ ಕೊಡ ಮೊದಲು, ಹೊರಗಿನವರದು ಆಮೇಲೆ. ಆ ನಲ್ಲಿ ಹಾಕಿಸಲು ಮುನಿಸಿಪಾಲಿಟಿಗೆ ಅಲೆದವರು ಅವರೇ ಆದ್ದರಿಂದ ಯಾರೂ ಎದುರಾಡಲಿಲ್ಲ. ಸಬಿತಾಳ ಪಾಳಿ ಬರುವ ಹೊತ್ತಿಗೆ ನಲ್ಲಿ ಬುಸುಗುಟ್ಟಿ ನಿಂತುಬಿಡುತ್ತಿತ್ತು. ಅವಳು ಕೆಳಗಿನ ಓಣಿಗೆ ಹೋಗಿ ನೀರು ತಂದು ಕೆಲಸಕ್ಕೆ ಓಡುವಷ್ಟರಲ್ಲಿ ತಡವಾಗುತ್ತಿತ್ತು. ತಡವಾಗಿ ಬಂದವರಿಗೆ ಯೂನಿಟ್ಟಿನಲ್ಲಿ ಆ ದಿನ ಮಷಿನ್ ಇಲ್ಲ. ಆ ಯೂನಿಟ್ ಎರ್ರಿಸ್ವಾಮಣ್ಣನದೇ. ಬೆಳಿಗ್ಗೆ ನಲ್ಲಿಯ ಬಳಿ ಅವಳನ್ನು ಹಿಂದೆ ನಿಲ್ಲಿಸುವವರೂ ಅವರೇ, ಆಮೇಲೆ ಯೂನಿಟ್ಟಿನ ಬಾಗಿಲಲ್ಲಿ ನಿಂತು ಯಾಕೆ ತಡವಾಯಿತು ಎಂದು ರೇಗುವವರೂ ಅವರೇ. ಇದನ್ನು ನಾನು ಮೆಲ್ಲಗೆ ಅವರ ಗಮನಕ್ಕೆ ತಂದೆ.

“ಯೂನಿಟ್ ಬ್ಯಾರೆ, ಓಣಿ ಬ್ಯಾರೆ, ಪೇಪರಣ್ಣ,” ಎಂದರು. “ಅವರು ಕೆಲಸಕ್ಕ ಬಂದಾರ್ರಿ. ನೀರಿಗೆ ಯಾಕ ಬರ್ತಾರ?”

ನನ್ನ ವೃತ್ತಿಯ ಶಿಸ್ತಿನಂತೆ ನಾನು ಎರಡೂ ಕಡೆಯ ಹೇಳಿಕೆ ಪಡೆದು ಮನೆಗೆ ಬಂದೆ. ಶಾರದೆಗೆ ಈ ಶಿಸ್ತಿನ ಬಗ್ಗೆ ಗೌರವವಿಲ್ಲ. ಪ್ರದೀಪನಿಗೆ ಬಳ್ಳಾರಿಯ ಒಂದು ಯೂನಿಟ್ಟಿನಿಂದ ಕರೆ ಬಂದಿದೆ, ಮೇಲೆ ಗಂಟುಮೂಟೆ ಕಟ್ಟುತ್ತಿದ್ದಾರೆ, ಪುಟ್ಟಿ ಹೋಗುತ್ತಾಳೆ, ನೀವು ಹೇಳಿಕೆ ಪಡೆಯುತ್ತ ಕೂತಿರಿ ಎಂದಳು. ಆಮೇಲೆ ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಮೌನ ಎಂದರೆ ಅದು ಮುಖಪುಟದ ಸುದ್ದಿ.

ಮರುದಿನ ಭಾನುವಾರ. ಯೂನಿಟ್‌ಗಳಿಗೆ ರಜೆ, ನಲ್ಲಿಯ ಬಳಿ ಇಡೀ ಓಣಿಯೇ ಸೇರಿತ್ತು. ಸಬಿತಾ ಮಾತ್ರ ಬಂದಿರಲಿಲ್ಲ, ಮೇಲೆ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಶಾರದೆ ತನ್ನ ಕೊಡದ ಜೊತೆಗೆ ಅವಳ ಕೊಡವನ್ನೂ ತಂದು ಸಾಲಿನಲ್ಲಿಟ್ಟಳು. ಎರ್ರಿಸ್ವಾಮಣ್ಣ ಅದನ್ನು ಹಿಂದಕ್ಕೆ ಇಡಲು ಹೇಳಿದರು. ಹಾಗಾದರೆ ಊರವರು ಎಂದರೆ ಯಾರು, ಅದನ್ನಾದರೂ ತೀರ್ಮಾನ ಮಾಡಿ ಎಂದು ಶಾರದೆ ಪಟ್ಟು ಹಿಡಿದಳು. ಎರ್ರಿಸ್ವಾಮಣ್ಣ ಮೊದಲು ಕನ್ನಡ ಮಾತಾಡುವವರು ಎಂದರು. ಮನೆಯಲ್ಲಿ ತೆಲುಗು ಮಾತಾಡುವ ಅರ್ಧ ಸಾಲು ಕೊಡ ಬಡಿದು ಸದ್ದು ಮಾಡಿತು. ಓಟಿರುವವರು ಎಂದರು. ಪ್ರದೀಪನ ಓಟು ಕಳೆದ ಸಲವೇ ಇಲ್ಲಿಗೆ ಬದಲಾಗಿತ್ತು, ಬದಲಾಯಿಸಿಕೊಟ್ಟವರೂ ಎರ್ರಿಸ್ವಾಮಣ್ಣನ ಪಕ್ಷದವರೇ. ತಾತನ ಕಾಲದಿಂದ ಇರುವವರು ಎನ್ನಲು ಬಾಯಿ ತೆರೆದು, ತಮ್ಮ ತಾತ ನೇಮಕಲ್ಲಿನಿಂದ ಕುರಿ ಹೊಡೆದುಕೊಂಡು ಬಂದ ಕತೆಯನ್ನು ತಾವೇ ಹಬ್ಬಹಬ್ಬಕ್ಕೂ ಹೇಳಿದ್ದು ನೆನಪಾಗಿ ಮುಚ್ಚಿದರು. ಆಮೇಲೆ ಯಾರೂ ಅಲ್ಲಾಡಿಸಲಾಗದ ತೀರ್ಪು ಕೊಟ್ಟರು.

“ಈ ಊರಾಗ ಹುಟ್ಟಿದವ್ರು. ಇದಕ್ಕೇನಂತೀರಿ? ಪೇಪರಣ್ಣ ಇದಾರ, ಕೇಳಿ ಬರ್ಕೊಳ್ಲಿ.”

ಎಲ್ಲರೂ ತಲೆಯಾಡಿಸಿದರು. ನನಗೂ ಅದು ಸರಿಯಾದ ಮಾನದಂಡ ಅನ್ನಿಸಿತು. ನನ್ನ ವರದಿಯೂ ಅಲ್ಲೇ ಮುಗಿಯುತ್ತದೆ ಎಂದು ಒಳಗೊಳಗೆ ಸಂತೋಷ. ಆದರೆ ಪ್ರಶ್ನೆ ಕೇಳಲು ಶಾರದೆ ನನಗೆ ಅವಕಾಶ ಕೊಡಲಿಲ್ಲ.

“ಮೊದ್ಲು ನಿಮ್ದೇ ಹೇಳ್ರಿ, ಎರ್ರಿಸ್ವಾಮಣ್ಣ. ನಿಮ್ಮನ್ನ ಎಲ್ಲಿ ಹಡದ್ರು?”

“ನಮ್ಮವ್ವನ ತವರುಮನ್ಯಾಗ,” ಎಂದು ಅವರು ಹೆಮ್ಮೆಯಿಂದಲೇ ಶುರು ಮಾಡಿದರು. ಆಮೇಲೆ ದನಿ ಇಳಿಯಿತು. “ಮೊಳಕಾಲ್ಮೂರು.”

ಮೊಳಕಾಲ್ಮೂರು ಇರುವುದು ಗಡಿಯಾಚೆ, ಕರ್ನಾಟಕದಲ್ಲಿ. ಊರವರ ಮೊದಲಿಗರು ಬೇರೆ ರಾಜ್ಯದಲ್ಲಿ ಹುಟ್ಟಿದವರೆಂದು ಆ ಕ್ಷಣ ನಿರ್ವಿವಾದವಾಗಿ ದಾಖಲಾಯಿತು. ಪಕ್ಕದ ಟೈಲರ್ ಮಸ್ತಾನ್ ಹುಟ್ಟಿದ್ದು ಬಳ್ಳಾರಿಯಲ್ಲಿ. ಅವನ ಮಕ್ಕಳು ಗುಂತಕಲ್ಲಿನಲ್ಲಿ. ಎದುರುಮನೆಯ ಅಕ್ಕತಂಗಿಯರು ಕಲ್ಯಾಣದುರ್ಗದಲ್ಲಿ. ಬಟ್ಟೆಯಂಗಡಿಯ ಮಾರವಾಡಿ ಮನೆಯ ಮೊಮ್ಮಗ, ನಮ್ಮೆಲ್ಲರಿಗಿಂತ ಚೆನ್ನಾಗಿ ಇಲ್ಲಿನ ಬೈಗುಳ ಬಲ್ಲವನು, ರಾಜಸ್ಥಾನದಲ್ಲಿ. ಇದೇ ಊರಿನವಳೆಂದು ನನ್ನೆದುರು ಸದಾ ಬೀಗುವ ಶಾರದೆ, ಬೆಳುಗುಪ್ಪದಲ್ಲಿ. ಚೊಚ್ಚಲಿಗೆ ಮಗಳನ್ನು ಮೆರವಣಿಗೆಯಂತೆ ಕರೆದೊಯ್ಯುವ, ಎರಡನೆಯದಕ್ಕೂ ಕರೆಯದಿದ್ದರೆ ಮುನಿಸಿಕೊಳ್ಳುವ ಜನ ನಾವು. ಒಂದು ಊರಿನ ಹೆಂಗಸರೆಲ್ಲ ಇನ್ನೊಂದು ಊರಿಗೆ ಹೋಗಿ ಹೆತ್ತು ಬಂದರೆ ಊರಿನಲ್ಲಿ ಹುಟ್ಟಿದವರು ಎಲ್ಲಿಂದ ಸಿಗಬೇಕು? ಇಷ್ಟು ವರ್ಷ ಸುದ್ದಿ ಬರೆದ ನನಗೂ ಅದು ಹೊಳೆದಿರಲಿಲ್ಲ.

ಕೊನೆಗೆ ಎಲ್ಲರೂ ನನ್ನ ಕಡೆ ನೋಡಿದರು. “ಮಡಕಶಿರದ ಹತ್ರ ಅಮರಾಪುರ ಕಣಣ್ಣ,” ಎಂದೆ. ಇದೊಂದು ಉತ್ತರಕ್ಕೆ ಮಾತ್ರ ಯಾರಿಗೂ ಆಶ್ಚರ್ಯವಾಗಲಿಲ್ಲ.

ನಲ್ಲಿ ಸುಮ್ಮನೆ ಸುರಿಯುತ್ತಿತ್ತು. ಯಾರ ಕೊಡವೂ ಅದರ ಕೆಳಗಿರಲಿಲ್ಲ. ಶಾರದೆ ಸಬಿತಾಳ ಕೊಡವನ್ನು ಎತ್ತಿ ತಂದು ನಲ್ಲಿಯ ಕೆಳಗಿಟ್ಟಳು.

“ಪುಟ್ಟಿನ್ನ ಇಲ್ಲೇ, ನಮ್ಮ ದವಾಖಾನ್ಯಾಗ ಹಡದಾಳ. ಬರ್ಕೊಳ್ರಿ ನೀವು,” ಎಂದು ನನಗೆ ಹೇಳಿದಳು.

ಎರ್ರಿಸ್ವಾಮಣ್ಣ ಕೊಟ್ಟ ಮಾತಿಗೆ ತಪ್ಪುವವರಲ್ಲ. ಆ ಕೊಡ ತುಂಬುವುದನ್ನೇ ನೋಡುತ್ತ ನಿಂತರು. ತುಂಬಿದ ಮೇಲೆ, ಆ ಕೂಸಿನ ಕೊಡ ದಿನಾ ಮೊದಲು ಇರಲಿ, ಉಳಿದವರೆಲ್ಲ ಹೊರಗಿನವರೇ, ಮೊದಲಿನಂತೆ ಬಂದ ಹಾಗೆ ಹಿಡಿದುಕೊಳ್ಳಿ ಎಂದು ಹೇಳಿ, ತಮ್ಮ ಕೊಡ ಎತ್ತಿಕೊಂಡು ಸಾಲಿನ ಹಿಂದಕ್ಕೆ ನಡೆದರು. ಅವರು ಅಷ್ಟು ಹಿಂದೆ ನಿಂತದ್ದನ್ನು ಓಣಿ ಹಿಂದೆಂದೂ ನೋಡಿರಲಿಲ್ಲ. ಮಹಡಿಯ ಗಂಟುಮೂಟೆ ಅದೇ ಸಂಜೆ ಬಿಚ್ಚಿತು. ನಮ್ಮ ಮನೆಯ ಮೌನವೂ ಮುರಿಯಿತು. ಮುರಿಯಿತು ಎನ್ನುವುದು ಸೌಮ್ಯವಾದ ಪದ.

ವರದಿ ಕಳಿಸಿದೆ. ಓಣಿಯಲ್ಲಿ ಊರವರು ಒಬ್ಬರೇ, ಅವರಿಗೆ ಇನ್ನೂ ಹಲ್ಲು ಬಂದಿಲ್ಲ ಎಂದು ಬರೆದಿದ್ದೆ. ಕಚೇರಿಯವರು ಅಂಕಿಅಂಶ ಕೇಳಿದ್ದೆವು, ತಮಾಷೆಯಲ್ಲ ಎಂದು ಅದನ್ನು ಬದಿಗಿಟ್ಟರು. ನಾನು ಸರಿನೋಡಿ ಕಳಿಸಿದ ಸುದ್ದಿಗಳಲ್ಲಿ ಅದರಷ್ಟು ನಿಖರವಾದದ್ದು ಇನ್ನೊಂದಿರಲಿಲ್ಲ.

ಇದಾಗಿ ಕೆಲವು ತಿಂಗಳು ಕಳೆದಿವೆ. ಮೊನ್ನೆ ಶಾರದೆ ಬೆಳುಗುಪ್ಪಕ್ಕೆ ಹೋಗಿದ್ದರಿಂದ ನಾನೇ ಕೊಡ ಹಿಡಿದು ನಲ್ಲಿಗೆ ಹೋದೆ. ಮುಂದೆ ಸಬಿತಾ, ಅವಳ ಸೊಂಟದ ಮೇಲೆ ಊರವರು. ಕೊಡ ತುಂಬುವವರೆಗೆ ಹೊತ್ತು ಹೋಗಲಿ ಎಂದು, ಪುಟ್ಟಿಗೆ ನೆಗಡಿ ಹೆಂಗೈತಮ್ಮ, ವಾಸಿ ಆಯ್ತಾ ಎಂದು ವಿಚಾರಿಸಿದೆ. ಸಬಿತಾ ನನ್ನ ಮುಖ ನೋಡಿದಳು. ತುಟಿಯಂಚಿನಲ್ಲಿ ನನಗೆ ಚೆನ್ನಾಗಿ ಪರಿಚಯವಿದ್ದ ಆ ನಗು.

“ಸರ್, ನೀವು ಯಾವ ಕಡಿಯವರ್ರಿ? ನಿಮ್ಮ ಮಾತು ನಮ್ಮೂರಿನಂಗ ಇಲ್ಲ.”

ಮಡಕಶಿರದ ಕಡೆ ಎಂದು ಒಪ್ಪಿಕೊಂಡೆ. ಅವಳು ಜೀನ್ಸಿನ ಸಿಂಬಿಯನ್ನು ತಲೆಗೇರಿಸಿ, ಅದರ ಮೇಲೆ ಕೊಡವಿಟ್ಟುಕೊಂಡು, ಹೊಸಬರಿಗೆ ಧೈರ್ಯ ಹೇಳುವ ದನಿಯಲ್ಲಿ ಅಂದಳು:

“ಇರ್ಲಿ ಬಿಡ್ರಿ. ನಿಧಾನಕ್ಕ ಬರ್ತೈತಿ.”