ತೋರಿಸಲಾರದ ಗಾಯ

“ಎಲ್ಲಿ ಕುಯ್ದಿದಾರೆ, ತೋರಿಸೋ ಅಂದ್ರೆ ತೋರಿಸ್ಬೇಕಪ್ಪ.”

“ಬ್ಯಾಂಡೇಜ್ ಬಿಚ್ಚೋ ಹಾಗಿಲ್ಲ ಮಾರಾಯ.”

“ಬ್ಯಾಂಡೇಜನ್ನೇ ತೋರಿಸು.”

“ಗಾಳಿ ತಾಗಬಾರ್ದು.”

ದುರ್ಗಿಗುಡಿಯ ಮನೆಯಲ್ಲಿ ಷಡಕ್ಷರಪ್ಪನವರು ಕುತ್ತಿಗೆಯವರೆಗೆ ಶಾಲು ಹೊದ್ದು ಮಲಗಿದ್ದರು. ಹೊಟ್ಟೆಯ ದೊಡ್ಡ ರಕ್ತನಾಳ ಬಲೂನಿನಂತೆ ಉಬ್ಬಿದೆ ಎಂದು ಗೊತ್ತಾದಾಗ, ನೆಂಟರಿಷ್ಟರಿಗೆಲ್ಲ ಫೋನ್ ಮಾಡಿ ತಪ್ಪಿದ್ದರೆ ಕ್ಷಮಿಸಿ ಎಂದು ಗದ್ಗದರಾಗಿದ್ದರು. ಅಂಥವರು ಆಪರೇಷನ್ ಮುಗಿಸಿಕೊಂಡು ವಾರದೊಳಗೆ ಆಟೋದಿಂದ ತಾವೇ ಇಳಿದು ನಡೆದು ಬಂದದ್ದು ಅವರಿಗೇ ಮುಜುಗರವಾಗಿತ್ತು. ಈಗ ಹಳೆಯ ಗೆಳೆಯ ಮೂರ್ತಪ್ಪನವರು ಭದ್ರಾವತಿಯಿಂದ ನೋಡಲು ಬಂದು ಕೂತಿದ್ದರು.

“ದೊಡ್ಡ ಗಾಯನಾ?”

“ಎದೆಯಿಂದ ಹೊಕ್ಕುಳ ಕೆಳಗಿನವರೆಗೆ. ಕರುಳೆಲ್ಲ ಈಚೆ ತೆಗೆದಿಟ್ಟಿದ್ರು.”

ಮೂರ್ತಪ್ಪನವರು ಕಾಫಿ ಲೋಟ ಕೆಳಗಿಟ್ಟರು. “ಎಲ್ಲಿ?”

“ಒಂದು ಟ್ರೇಯಲ್ಲಿ.”

“ನೋವು?”

“ಶತ್ರುಗೂ ಬೇಡ.”

ಮೂರ್ತಪ್ಪನವರು ಎದ್ದೇಬಿಟ್ಟರು. “ಬರ್ತೀನಿ ಕಣೋ. ಗುರುವಾರ ಅಡ್ಮಿಟ್ ಆಗಲ್ಲ ಅಂತ ಡಾಕ್ಟ್ರಿಗೆ ಫೋನ್ ಮಾಡ್ಬೇಕು.”

“ಯಾರು ಅಡ್ಮಿಟ್ ಆಗೋದು?”

“ನಾನೇ. ಸ್ಕ್ಯಾನಿಂಗಲ್ಲಿ ನಂಗೂ ಅದೇ ಉಬ್ಬು ಬಂದಿದೆ. ಒಂದೇ ಬೆಂಕಿಪೊಟ್ಟಣದಲ್ಲಿ ಸಿಗರೇಟು ಹಚ್ಚಿದವರಲ್ವಾ ನಾವು. ನಿನ್ನ ನೋಡಿ ಧೈರ್ಯ ತಗೊಳ್ಳೋಣ ಅಂತ ಬಂದೆ. ಒಡೆದ್ರೆ ಒಡೀಲಿ ಬಿಡು.”

ಬಾಗಿಲಲ್ಲಿ ನಿಂತಿದ್ದ ಷಡಕ್ಷರಪ್ಪನವರ ಹೆಂಡತಿ ಶಂಕರಮ್ಮ ಕೇಳಿದರು: “ನೀವು ಹೇಳ್ತೀರೋ, ನಾನೇ ಹೇಳ್ಲೋ?”

ಷಡಕ್ಷರಪ್ಪನವರು ಶಾಲು ಕಿತ್ತೆಸೆದು ಎದ್ದು ಕೂತರು. “ಕೂತ್ಕೊಳೋ. ಹೊಟ್ಟೆ ಕುಯ್ದೇ ಇಲ್ಲ. ತೊಡೆಸಂದೀಲಿ ಸಣ್ಣ ತೂತು ಮಾಡಿ, ರಕ್ತನಾಳದ ಒಳಗಿಂದಲೇ ಒಂದು ಕೊಳವೆ ಕಳಿಸಿ ಉಬ್ಬಿನ ಜಾಗದಲ್ಲಿ ಕೂರಿಸಿದ್ರು. ಈಗ ರಕ್ತ ಆ ಕೊಳವೇಲೇ ಹರಿಯುತ್ತೆ. ನಿಂಗೂ ಹಾಗೇ ಆಗುತ್ತಾ ಅಂತ ಡಾಕ್ಟ್ರನ್ನ ಕೇಳು, ಓಡಿ ಹೋಗ್ಬೇಡ.”

“ಕರುಳು?”

“ಇದ್ದಲ್ಲೇ ಇದೆ.”

“ನೋವು?”

“ಪ್ಲಾಸ್ಟರ್ ಕೀಳುವಾಗ ಕಿರುಚಿದ್ರು,” ಎಂದರು ಶಂಕರಮ್ಮ. “ಕೂದಲು ಎಳೀತಂತೆ.”

“ಮತ್ತೆ ನಂಗ್ಯಾಕೋ ಸುಳ್ಳು ಹೇಳ್ದೆ?”

“ಅಷ್ಟು ಜನರ ಹತ್ರ ಅತ್ತು ಕರೆದು ಹೋದೋನು ಮಾರಾಯ. ಸೊಳ್ಳೆ ಕಚ್ಚಿದಂಥ ಗಾಯ ತಗೊಂಡು ಬಂದಿದೀನಿ ಅಂತ ಯಾವ ಬಾಯಲ್ಲಿ ಹೇಳ್ಲಿ?”

ಮೂರ್ತಪ್ಪನವರು ಮೆಲ್ಲಗೆ ಕೂತು, ತಣ್ಣಗಾಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು. “ಗುರುವಾರ ಜೊತೆಗೆ ಬರ್ತೀಯಾ?”

“ಬರದೇ ಇರ್ತೀನಾ?”

“ಬೇಡ ಮೂರ್ತಣ್ಣ, ನಾ ಬರ್ತೀನಿ,” ಎಂದರು ಶಂಕರಮ್ಮ ಲೋಟ ಎತ್ತಿಕೊಳ್ಳುತ್ತ. “ಇವ್ರು ಬಾಯಿ ಬಿಟ್ರೆ ವಾರ್ಡಲ್ಲಿರೋ ಪೇಷೆಂಟೆಲ್ಲ ಡಿಸ್ಚಾರ್ಜ್ ಬರೆಸ್ಕೊಂಡು ಓಡ್ತಾರೆ.”