ನಿಂಬೆಹಣ್ಣಿನ ಮೇಲೆ ದಂಡೆತ್ತಿದ ಗುರುಶಾಂತಪ್ಪ

ಹೊಗೆಯುಗುಳುವ ಯಂತ್ರಕ್ಕೂ ಅರಿಶಿನ ಕುಂಕುಮ ಸಲ್ಲುತ್ತಿದ್ದ ಪುಣ್ಯಕಾಲದಲ್ಲಿ, ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತಾರು ವರ್ಷ ಉಕ್ಕನ್ನು ಪಳಗಿಸಿ ನಿವೃತ್ತನಾದ, ಗ್ರೀಸ್‌ಲಿಪ್ತಬಾಹು, ಸ್ಕ್ರೂದರ್ಪದಳನ, ಹುಬ್ಬಳ್ಳಿಯ ಗುರುಶಾಂತಪ್ಪನ ಪರಾಕ್ರಮವನ್ನು, ತಾಯಿ ವಾಗ್ದೇವಿ, ನನ್ನ ನಾಲಗೆಯಲ್ಲಿ ನಿಂತು ನುಡಿಸು.

ಅಂದು ಅವನ ಅಂಗಳದಲ್ಲಿ ಹೊಸ ರಥ ನಿಂತಿತ್ತು: ಮೊಳದುದ್ದದ, ರಿಮೋಟಿನ ಆಜ್ಞೆಗೆ ಓಡುವ, ನೈಟ್ರೋ ಇಂಧನ ಕುಡಿಯುವ ಆಟದ ಕಾರು. ಹೊಸ ವಾಹನಕ್ಕೆ ಸಲ್ಲುವ ಪೂಜೆಯೆಲ್ಲ ಸಂದು, ಗಾಲಿಯ ಮುಂದೆ ನಿಂಬೆಹಣ್ಣನ್ನೂ ಇಟ್ಟಾಗಿತ್ತು. ಹಣ್ಣು ಗಾಲಿಯ ಅರ್ಧದಷ್ಟು ಎತ್ತರವಿತ್ತು. ಕಾರು ಅದಕ್ಕೆ ಮೂಗು ತಾಗಿಸಿ, ಕೆಮ್ಮಿ, ಸತ್ತಿತು.

"ಈ ಲಿಂಬಿಹಣ್ಣು ಗಾಲಿ ಕೆಳಗ ಒಡಿಯೋತನಕ ನಾ ತುತ್ತು ಅನ್ನ ಮುಟ್ಟಂಗಿಲ್ಲ!"

ಗುರುಶಾಂತಪ್ಪನ ಈ ಪ್ರತಿಜ್ಞೆಗೆ ದಿಕ್ಕುಗಳು ನಡುಗಿದವು. ಅವುಗಳಿಗಿಂತ ಹೆಚ್ಚು ನಡುಗಿದವನು ಊಟಕ್ಕೆ ಬಂದಿದ್ದ ಹೆಂಡತಿಯ ತಮ್ಮ ಮಲ್ಲೇಶಿ. ಹಿರಿಯನು ಉಣ್ಣದೆ ಅವನು ಉಣ್ಣುವಂತಿರಲಿಲ್ಲ. ಒಳಗೆ ಹೋಳಿಗೆ ಬೇಯುತ್ತಿತ್ತು.

"ಮಾಮಾ, ಸಣ್ಣ ಹಣ್ಣು ಇಡೂಣೇನ್ರಿ?"

"ಹುಚ್ಚಪ್ಪಾ, ತಪ್ಪು ಹಣ್ಣಿಂದಲ್ಲೋ, ಕ್ಲಚ್ಚಿಂದು!"

ನಿಜವೇ. ಎಂಜಿನ್ನಿಗೆ ಬಲ ಬರುವ ಮುನ್ನವೇ ಕ್ಲಚ್ಚು ಗಾಲಿಯ ಭಾರವನ್ನೆಲ್ಲ ಅದರ ಹೆಗಲಿಗೇರಿಸುತ್ತಿತ್ತು. ಅಲ್ಲಿಯತನಕ ಕ್ಲಚ್ಚನ್ನು ತಡೆದು ಹಿಡಿಯಬೇಕಾದ ಮೂರು ಸ್ಪ್ರಿಂಗುಗಳು ಸಡಿಲಾಗಿದ್ದವು.

"ರೈಲ್‌ಗಾಲಿ ತಿದ್ದಿದ ಕೈ ಇದು. ಜೀರಗಿಯಷ್ಟು ಸ್ಪ್ರಿಂಗು ನನಗ ಎದುರ್ ನಿಂತೀತೇನು?"

ಎರಡು ಶರಣಾದವು. ಮೂರನೆಯದು ಇಕ್ಕಳದಿಂದ ಚಿಮ್ಮಿ ಮಲ್ಲೇಶಿಯ ಹಣೆಗೆ ಬಡಿದು, ಕೊನೆಗೆ ಸೆರೆಯಾಯಿತು. ವೀರನು ಮೂರನ್ನೂ ಬಿಗಿದು, ಎಂಜಿನ್ನು ಚಾಲೂ ಮಾಡುವ ಹಗ್ಗ ಜಗ್ಗಿದನು. ಎಂಜಿನ್ನು ಮೇಘದಂತೆ ಮೊರೆಯಿತು. ಕಾಗೆಗಳು ತಂತಿ ಬಿಟ್ಟು ಹಾರಿದವು. ಗಾಲಿ ಮಾತ್ರ ಕದಲಲಿಲ್ಲ.

"ರೈಲಿಗೆ ಬಿಗದಂಗ ಬಿಗದೀರಿ ಮಾಮಾ!"

ಕೂದಲೆಳೆಯಷ್ಟು ಸಡಿಲಿಸಿದ್ದೇ ತಡ, ರಥವು ಸಿಡಿಲಿನಂತೆ ನುಗ್ಗಿ, ನಿಂಬೆಯ ಮೇಲಿಂದ ಹಾರಿ, ಮಲ್ಲಿಗೆ ಕುಂಡಕ್ಕೆ ಗುದ್ದಿ ಮಗುಚಿತು. ಹಣ್ಣಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಗುರುಶಾಂತಪ್ಪ ಮತ್ತೆ ಇಕ್ಕಳಕ್ಕೆ ಕೈ ಚಾಚಿದನು. ಆಗ ಮಲ್ಲೇಶಿ, ಆಕಾಶ ನೋಡುತ್ತ, ಎರಡು ಹೆಜ್ಜೆ ಹಿಂದೆ ಸರಿದನು. ಪಚಕ್ ಎಂದಿತು.

"ಅಯ್ಯ! ಕಾಲ್ ತಪ್ಪಿತ್ರಿ ಮಾಮಾ."

ವೀರನು ಒಡೆದ ಹಣ್ಣನ್ನು ನೋಡಿದನು. ಅಡುಗೆಮನೆಯಿಂದ ತುಪ್ಪದ ವಾಸನೆ ಬಂದಿತು. ಬಹಳ ಹೊತ್ತು ಧರ್ಮಸೂಕ್ಷ್ಮವನ್ನು ಚಿಂತಿಸಿ, ತಗ್ಗಿದ ದನಿಯಲ್ಲಿ ಕೇಳಿದನು:

"ಗಾಲಿ ಮದ್ಲs ಒಂಚೂರು ಸೀಳಿತ್ತಲ್ಲೋ?"

"ಸೀಳೇ ಬಿಟ್ಟಿತ್ರಿ. ನಾ ಬರೇ ಮುಗಿಸಿದ್ದು."

"ಹಂಗಾರ ಕೈ ತೊಳ್ಕೋ ನಡಿ."